ಬಳೆ ಏರುವಾಗ ಚೀರದ ದಿನ

ಇವತ್ತು ಬೆಳಿಗ್ಗೆ ಮಾನ್ವಿಯ ನಮ್ಮ ಅಡುಗೆಮನೆಯಲ್ಲಿ ಕುಕ್ಕರ್ ಇನ್ನೇನು ಸೀಟಿ ಹೊಡೆಯಬೇಕು, ಅಷ್ಟರಲ್ಲಿ ನನ್ನ ಯಜಮಾನರು ಓಡಿಬಂದು ಒಲೆ ಆರಿಸಿದರು.

"ಮಗಳಿಗೆ ಈಗರ ನಿದ್ದಿ ಹತ್ಯಾದ. ಸಪ್ಪಳ ಮಾಡಬ್ಯಾಡ."

ನಿನ್ನೆಯಿಂದ ಅವಳಿಗೆ ಚಳಿಜ್ವರ. ಇವರ ಮನೆತನವೇ ಹಾಗೆ. ಜ್ವರದವರು ಮಲಗಿದರೆ ಎತ್ತಿನ ಕೊರಳ ಗಂಟೆಗೂ ಬಟ್ಟೆ ಸುತ್ತುವ ಜನ. ನಿದ್ದೆ ಬಂತೆಂದರೆ ಜ್ವರ ಬಿಟ್ಟಿತೆಂದೇ ನಂಬಿಕೆ. ಆ ನಂಬಿಕೆಯಲ್ಲಿ ನಾನೊಮ್ಮೆ ಹೋಗಿಯೇಬಿಡುತ್ತಿದ್ದೆ, ಕೇಳಿ.

ಗಬ್ಬೂರಿಗೆ ಸೊಸೆಯಾಗಿ ಹೋದಾಗ ನನ್ನ ಹೆಸರಿಗಿಂತ ಮೊದಲು ಊರಿಗೆ ಪರಿಚಯವಾದದ್ದು ನನ್ನ ಗಂಟಲು. ನನ್ನದು ದಪ್ಪ ಗೆಣ್ಣಿನ ಕೈ. ಗಾಜಿನ ಬಳೆ ಏರಿಸುವಾಗ ಜೀವ ಹೋಗುವವಳಂತೆ ಚೀರುತ್ತಿದ್ದೆ. "ನಿನ್ನ ಬಾಯಿ ದೇವದುರ್ಗದ ಮಟ ಕೇಳ್ತದ ಬೇ" ಎಂದು ಅತ್ತೆ ಬೈಯುತ್ತಿದ್ದರು. ನನಗೆ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆನ್ನಿ.

ಬಸುರಿಗೆ ಹಸಿರು ಸೀರೆ, ಹಸಿರು ಬಳೆ ತೊಡಿಸುವ ಕುಬಸದ ಸಂಭ್ರಮ ಹತ್ತಿರ ಬಂದಾಗಲೇ ನನಗೆ ಚಳಿಜ್ವರ ಹತ್ತಿತು. ಅಂಗಡಿಯ ಗುಳಿಗೆ ನುಂಗಿದರೆ ಬಿಡುತ್ತಿತ್ತು, ಮತ್ತೆ ಬರುತ್ತಿತ್ತು. ರಕ್ತ ತೋರಿಸುವುದು ಕುಬಸ ಮುಗಿದ ಮೇಲೆ ಎಂದಾಯಿತು. ಕುಬಸದ ದಿನ ಮಾತ್ರ ಗಾಢ ನಿದ್ದೆ. ಎಲ್ಲರಿಗೂ ಖುಷಿ. ಎಬ್ಬಿಸುವುದು ಬೇಡ, ಮಲಗಿದಲ್ಲೇ ಬಳೆ ತೊಡಿಸಿ ಎಂದರಂತೆ. ಮುಂದಿನದೆಲ್ಲ ಅತ್ತೆ ಹೇಳಿ ಹೇಳಿ ನನ್ನದೇ ನೆನಪಾಗಿದೆ.

"ಎಲ್ಲಾ ಏರಿದ್ವು ನೋಡ್ರಿ, ಹುಡುಗಿ ಹಾಂ ಅನ್ಲಿಲ್ಲ" ಎಂದು ಬಳೆಗಾರ್ತಿ ಖಾಜಾಬಿ ಹಿಗ್ಗಿದಳು. ತಾಯಿಯಾಗುವ ಹೊತ್ತಿಗೆ ಶಾಣ್ಯಾ ಆದಳೆಂದು ಹೆಂಗಸರು ನಕ್ಕರು. ಅತ್ತೆ ನಗಲಿಲ್ಲ. ಆರತಿ ತಟ್ಟೆ ಕೆಳಗಿಟ್ಟರು.

"ಇದು ನಿದ್ದಿ ಅಲ್ಲ. ಈಕಿ ನಿದ್ದ್ಯಾಗೂ ಚೀರಾಕಿ. ಗಾಡಿ ತರ್ರಿ!"

ಆರತಿ ಅರ್ಧಕ್ಕೆ ಬಿಡಬಾರದು ಎಂದರು ಯಾರೋ.

"ಆರತಿ ನಾಳಿ ಮಾಡೂನು. ಸೊಸೀನ ಎಲ್ಲಿಂದ ತರೂನು?"

ರಾಯಚೂರಿನ ಡಾಕ್ಟರು ರಕ್ತ ನೋಡಿ ಅತ್ತೆಗೆ ಹೇಳಿದರಂತೆ: "ಮಲೇರಿಯಾ ಮಿದುಳಿಗೆ ಏರ್ಯಾದ. ಮೊದಲೇ ಬಸುರಿ, ಮೈಯಾಗ ರಕ್ತ ಕಮ್ಮಿ, ಅದರ ಮ್ಯಾಲ ತಡ. ಇಂಥವ್ರನ್ನೇ ಅದು ಒಯ್ಯೂದು. ಇನ್ನೊಂದು ರಾತ್ರಿ ಮಲಗಲಿ ಅಂತ ಬಿಟ್ಟಿದ್ರ ಇಬ್ರೂ ಉಳೀತಿದ್ದಿಲ್ಲ."

ನನಗೆ ಎಚ್ಚರವಾದಾಗ ಸಲೈನ್ ಹಚ್ಚದ ಕೈ ಉರಿಯುತ್ತಿತ್ತು. "ಅತ್ತಿ, ಬಳಿ ಭಾಳ ಬಿಗಿ ಆಗ್ಯಾವ" ಎಂದು ಗೊಣಗಿದೆ. ಅವರು ಗೊಳೋ ಎಂದು ಅತ್ತುಬಿಟ್ಟರು. ಬಳೆ ಬಿಗಿಯಾದರೆ ಇಷ್ಟು ಅಳುವುದೇನಿದೆ ಎಂದು ನನಗೆ ಬೇಸರವೇ ಆಯಿತು.

ಆಗ ಹೊಟ್ಟೆಯಲ್ಲಿದ್ದವಳೇ ಈಗ ಒಳಗೆ ಮಲಗಿರುವ ಮಗಳು. ಅತ್ತೆ ಈಗಿಲ್ಲ.

ನಾನು ಒಲೆ ಮತ್ತೆ ಹಚ್ಚಿದೆ. ಕುಕ್ಕರ್ ಮನೆಯೆಲ್ಲ ನಡುಗುವಂತೆ ಸೀಟಿ ಹೊಡೆಯಿತು. ಮಗಳು ಮಿಸುಕಲಿಲ್ಲ. ಹೋಗಿ ಅವಳ ಕೈ ಹಿಡಿದು, ಖಾಜಾಬಿ ಬಳೆ ಏರಿಸುವಾಗ ಅಮುಕುತ್ತಿದ್ದ ಹಾಗೆ ಗೆಣ್ಣು ಗಟ್ಟಿಯಾಗಿ ಅಮುಕಿದೆ.

"ಯವ್ವಾ! ಸತ್ತೆ! ಬಿಡಬೇ ಕೈ!"

ನನ್ನದೇ ಗಂಟಲು. ಬಾಗಿಲಲ್ಲಿ ನಿಂತಿದ್ದ ಇವರು, "ಹುಚ್ಚು ಹಿಡದಾದೇನು ನಿನಗ?" ಎಂದು ರೇಗಿದರು.

"ಹಿಡದಾದ. ಆಟೋ ತರ್ರಿ, ರಕ್ತ ತೋರಿಸೂನು" ಎಂದೆ. ಮಗಳು ಇನ್ನೂ ಬೈಯುತ್ತಲೇ ಇದ್ದಳು. ಕೇಳುತ್ತಾ ನಿಂತವಳಿಗೆ, ಅಂದು ಅತ್ತೆ ಅತ್ತ ಹಾಗೆಯೇ ಅಳು ಬಂತು.