ಕೆನ್ನೆಗೊತ್ತಿ ನೋಡುವ ಕ್ವಾಂಗ್

ಶೆನ್‌ಜೆನ್‌ನ ನಮ್ಮ ಗಲ್ಲಿಯಲ್ಲಿ, ನನ್ನ ಗಂಜಿ ಅಂಗಡಿಯ ಪಕ್ಕ ಚಾರ್ಜರ್ ಮಾರುವ ಕ್ವಾಂಗ್, ಇ-ಸಿಗರೇಟು ಹಿಡಿದು ಬಂದವರಿಗೆ ಸುಲಭವಾಗಿ ಏನನ್ನೂ ಕೊಡುವವನಲ್ಲ. "ಫೋನಿನ ದೊಡ್ಡ ಚಾರ್ಜರನ್ನೇ ಕೊಡಣ್ಣ, ಬೇಗ ತುಂಬುತ್ತೆ" ಎಂದರೆ, "ಹಸುಗೂಸಿಗೆ ಬಕೆಟ್‌ನಲ್ಲಿ ಹಾಲು ಕುಡಿಸ್ತೀಯೇನೋ?" ಎನ್ನುತ್ತಾನೆ. ಸಣ್ಣದೊಂದನ್ನು ಆರಿಸಿ ಇ-ಸಿಗರೇಟಿಗೆ ಸಿಕ್ಕಿಸಿ, ಗಿರಾಕಿ ನನ್ನಲ್ಲಿ ಗಂಜಿ ಕುಡಿದು ಬರುವವರೆಗೆ ಕಾಯಿಸಿ, ಮಗುವಿನ ಜ್ವರ ನೋಡುವಂತೆ ಚಾರ್ಜರನ್ನು ಕೆನ್ನೆಗೊತ್ತಿಕೊಳ್ಳುತ್ತಾನೆ. ಬಿಸಿಯಾಗಿದ್ದರೆ ಕಸದ ಬುಟ್ಟಿಗೆ. ತಣ್ಣಗಿದ್ದರೂ ಕೇಳುತ್ತಾನೆ: "ರಾತ್ರಿ ಚಾರ್ಜಿಗೆ ಹಾಕಿ ಎಲ್ಲಿಡ್ತೀಯ?" "ದಿಂಬಿನ ಪಕ್ಕ." "ಹಾಗಾದ್ರೆ ಮಾರಲ್ಲ, ನಡಿ." ಹೋದ ವರ್ಷ ಅಗ್ಗದ ಚಾರ್ಜರಿಗೆ ಸಿಕ್ಕಿಸಿಟ್ಟ ಅವನದೇ ಇ-ಸಿಗರೇಟು ಸಿಡಿದು ದಿಂಬು ಸುಟ್ಟುಹೋಗಿತ್ತು, ಹೆಂಡತಿ ಯುಫೆನ್ ಹೆದರಿ ಅಕ್ಕನ ಮನೆ ಸೇರಿದ್ದಳು. ನಿನ್ನೆ ಅವಳು ಬಂದು, ಅವನ ಕೈಯಲ್ಲಿದ್ದ ಚಾರ್ಜರನ್ನು ತೆಗೆದುಕೊಂಡು ತನ್ನ ಕೆನ್ನೆಗೊತ್ತಿಕೊಂಡಳು. "ತಣ್ಣಗಿದೆ" ಎಂದಳು. "ಸಂಜೆ ಅಕ್ಕನ ಮನೆಗೆ ಬಾ, ನನ್ನ ಪೆಟ್ಟಿಗೆ ಭಾರ ಇದೆ."