ಅಲ್ದೆಂತ

ನನ್ನ ಹಲ್ಲಿನ ವಿಷಯವನ್ನು ನಾಲ್ಕು ಜನರ ಮುಂದೆ ಎತ್ತುವುದು ಸಭ್ಯತೆಯಲ್ಲ, ಗೊತ್ತು. ಆದರೆ ನಾವಿರುವ ಗಲ್ಫ್ ಊರಿನ ಅದ್ಲಿಯಾ ಬಡಾವಣೆಯ ಒಂದು ಇಟಾಲಿಯನ್ ಹೋಟೆಲಿನ ಭವಿಷ್ಯ ಹೋದ ತಿಂಗಳು ನನ್ನ ದವಡೆಯ ಮೇಲೆ ನಿಂತಿತ್ತಾದ್ದರಿಂದ ಹೇಳದೆ ವಿಧಿಯಿಲ್ಲ. ಎಡಗಡೆಯವು ಕಟ್ಟಿಸಿದ ಹಲ್ಲುಗಳು. ಬಲಗಡೆಯವು ಸ್ವಂತದವು, ಆದರೆ ನಂಬುವಂಥವಲ್ಲ.

ಹೋಟೆಲು ಕುಂದಾಪುರದ ಸದಾನಂದಣ್ಣನದು. ಅವರ ಅಪ್ಪ ಇಲ್ಲಿ ಒಬ್ಬ ಅಮೆರಿಕನ್ ಇಂಜಿನಿಯರನ ಮನೆಯಲ್ಲಿ ಅಡುಗೆಗಿದ್ದರು. ಆ ಸಾಹೇಬನ ಅಜ್ಜಿ ಇಟಲಿಯಿಂದ ಅಮೆರಿಕಕ್ಕೆ ಹೋದವಳು. ಅಲ್ಲಿ ಟೊಮೆಟೊ ಸಾಸಿಗೆ ಮಾಂಸದುಂಡೆ ಸೇರಿಸಿ, ಮೇಲೆ ಚೀಸು ಸುರಿದು, ಇದೇ ತವರಿನ ಅಡುಗೆ ಎಂದು ಬಡಿಸಿದವಳು. ತಪ್ಪೇನಿಲ್ಲ. ನನ್ನ ಹೆಂಡತಿ ಇಲ್ಲಿ ಬಾಸ್ಮತಿಯಲ್ಲಿ ನೀರುದೋಸೆ ಹೊಯ್ಯುತ್ತಾಳೆ. ನಮ್ಮ ಮಕ್ಕಳು ಊರಿಗೆ ಹೋದರೆ ಅಜ್ಜಿಯ ದೋಸೆಯೇ ಸರಿಯಿಲ್ಲ ಎನ್ನುತ್ತಾರೆ.

ಆ ಅಡುಗೆ ಕುಂದಾಪುರದ ಕೈಗೆ ಬಂದಮೇಲೆ ಪಾಸ್ತಾ ಕುಚ್ಚಲಕ್ಕಿ ಗಂಜಿಯ ಕಾನೂನಿಗೆ ಒಳಪಟ್ಟಿತು: ಒಲೆಗಿಟ್ಟದ್ದು ಪೂರ್ತಿ ಬೇಯಬೇಕು. ಒಮ್ಮೆ ನಿಜವಾದ ಇಟಲಿಯವನೊಬ್ಬ ಬಂದು, "ಅಲ್ ದೆಂತೆ?" ಎಂದು ಕೇಳಿದ. ಪಾಸ್ತಾ ಹಲ್ಲಿಗೆ ತುಸು ಗಟ್ಟಿ ಸಿಗುವಂತಿರಲಿ ಎಂದು ಅದರರ್ಥ. ಸದಾನಂದಣ್ಣನ ಕಿವಿಗೆ ಅದು 'ಅಲ್ದೆಂತ' ಎಂದು ಬಿತ್ತು. ನಮ್ಮ ಕಡೆ 'ಹೌದು ಮತ್ತೆ, ಅಲ್ಲದೆ ಇನ್ನೇನು' ಎನ್ನಲು ಇರುವ ಮಾತು. ಬಿಳಿಯನ ಬಾಯಲ್ಲಿ ಊರ ಮಾತು ಕೇಳಿ ಕರಗಿಹೋದ ಅವರು, "ಅಲ್ದೆಂತ!" ಎಂದು ಅವನ ಕೈ ಕುಲುಕಿ, ಗಂಜಿಯಷ್ಟು ಬೆಂದ ಪಾಸ್ತಾ ತಂದಿಟ್ಟರು. ಪುಣ್ಯಾತ್ಮ ಅದನ್ನೇ ಉಂಡು ಹೋದ.

ಹೀಗೆ ಸುಖವಾಗಿ ವರ್ಷಗಳು ಕಳೆದವು. ಆಮೇಲೆ ಸದಾನಂದಣ್ಣನ ಮಗಳು ಶ್ರಾವ್ಯ ಅಡುಗೆಯನ್ನೇ ಕಾಲೇಜಿನಲ್ಲಿ ಓದಿ ಬಂದಳು. ಬಂದವಳೇ ಅಪ್ಪನಿಗೆ ಆ ಪದದ ಅರ್ಥ ಹೇಳಿದಳು.

"ಹಸಿ ಹಸಿ ಬಡ್ಸಿರೆ ಗಿರಾಕಿ ಬತ್ರಾ ಹೆಣೆ?" ಎಂದರು ಅಪ್ಪ.

"ಅಡುಗೆಮನೆ ನಂಗೆ ಬಿಡಿ ಅಪ್ಪಾ. ಇಲ್ಲಾಂದ್ರೆ ನಾನು ದುಬೈಯ ಕೆಲಸಕ್ಕೆ ಹೋಗ್ತೇನೆ," ಎಂದಳು ಮಗಳು.

ಕೊನೆಗೆ ಹಳೆಯ ಗಿರಾಕಿಯೊಬ್ಬ ಉಂಡು ತೀರ್ಪು ಹೇಳಲಿ ಎಂದಾಯಿತು. ಗಿರಾಕಿ ನಾನು.

ಶುಕ್ರವಾರ ಮಧ್ಯಾಹ್ನ ಅವಳು ಬೇಯಿಸಿದ ತಟ್ಟೆ ಬಂತು. ಅಪ್ಪ ಮಗಳು ಮೇಜಿನ ಎರಡು ಬದಿಗೆ ನಿಂತರು. ಸಾಸು ಅದೇ ಹಳೆಯ ರುಚಿ. ಪಾಸ್ತಾ ಮಾತ್ರ ನನ್ನೊಡನೆ ವಾದಕ್ಕಿಳಿಯಿತು. ಎಡದವಡೆ ಜಾರಿತು, ಬಲದವಡೆ ಕೈಚೆಲ್ಲಿತು. ಆಗದೆಂದರೆ ಹುಡುಗಿ ವಿಮಾನ ಹತ್ತುತ್ತಾಳೆ. ಚೆನ್ನಾಗಿದೆಯೆಂದರೆ ಈ ಮನುಷ್ಯ ಜೀವಮಾನವಿಡೀ ತಪ್ಪು ಬೇಯಿಸಿದ ಎಂದಾಗುತ್ತದೆ. ನನಗೋ ಇಬ್ಬರೂ ಬೇಕು.

"ಹೇಳಿ ಮಾರಾಯ್ರೆ, ಬೆಂದದ್ದು ಸಮ ಆಯ್ತಾ?" ಎಂದರು ಅಪ್ಪ.

"ಅಲ್ ದೆಂತೆ ಅಲ್ವಾ ಅಂಕಲ್?" ಎಂದಳು ಮಗಳು.

"ಅಲ್ದೆಂತ!" ಎಂದೆ.

ಇಬ್ಬರ ಮುಖವೂ ಅರಳಿತು. ಸದಾನಂದಣ್ಣ ಏಪ್ರನ್ ಬಿಚ್ಚಿ ಮಗಳ ಕೈಗಿಟ್ಟು ಗಲ್ಲಾದ ಹತ್ತಿರ ಹೋಗಿ ನಿಂತರು. ಕೈಗಳನ್ನು ಎಲ್ಲಿಡಬೇಕೆಂದು ಪಾಪ ಅವರಿಗೆ ತಿಳಿಯಲಿಲ್ಲ.

ಶ್ರಾವ್ಯ ತಟ್ಟೆ ಎತ್ತಲು ಬಂದಳು. ನಾನು ಟಿಶ್ಯೂ ಕೆಳಗೆ ಮುಚ್ಚಿಟ್ಟಿದ್ದ ಅರ್ಧ ಪಾಸ್ತಾವನ್ನು ನೋಡಿದಳು. ನನ್ನ ದವಡೆಯನ್ನು ನೋಡಿದಳು. ಅಪ್ಪನನ್ನೂ ನೋಡಿದಳು.

"ಅಂಕಲ್, ನಿಮ್ಮ ಪ್ಲೇಟು ಮಾತ್ರ ಇನ್ನು ಮುಂದೆಯೂ ಅಪ್ಪನೇ ಬೇಯಿಸ್ಲಿ, ಅಲ್ವಾ?" ಎಂದಳು, ಗಲ್ಲಾಕ್ಕೆ ಕೇಳುವಷ್ಟು ಜೋರಾಗಿ.

"ಅಲ್ದೆಂತ," ಎಂದೆ. ಈ ಸಲ ಒಂದೇ ಭಾಷೆಯಲ್ಲಿ.