ನಿಂಬೆಹುಳಿಯ ಚೀಸ್

"ಹಾಲು ಮಾರೋರ ಮನೆ ಹೆಣ್ಣು ಬಿ.ಎ. ಮಾಡ್ತಾಳಾ? ಆಗೋ ಮಾತಾ ಅದು?" ಎಂದವರು ನನ್ನ ದೊಡ್ಡಪ್ಪ. ಅಪ್ಪನಿಲ್ಲದ ಮನೆಗೆ ಅವರೇ ಯಜಮಾನರು. ಆಗುತ್ತದೆ ಎಂದವರ ಕೈಗಳು ಮಣಿಕಟ್ಟಿನವರೆಗೂ ಕೆಂಪಾಗಿರುತ್ತಿದ್ದವು. ಅವರು ಇಟಲಿಯಿಂದ ಬಂದ ಸಿಸ್ಟರ್. ಸುದ್ದಗುಂಟೆಪಾಳ್ಯದ ನಮ್ಮ ಕೊಟ್ಟಿಗೆಯಿಂದ ಅವರ ಕಾನ್ವೆಂಟಿಗೆ ಎಮ್ಮೆಹಾಲು ಹೋಗುತ್ತಿತ್ತು. ಸಿಸ್ಟರ್ ಅದನ್ನು ಒಡೆಸಿ, ಗಟ್ಟಿಯಾದದ್ದನ್ನು ಬಿಸಿನೀರಿನಲ್ಲಿ ಬರಿಗೈಯಿಂದ ಎಳೆದೆಳೆದು, ಬಿಳಿ ಚೀಸಿನ ಉಂಡೆ ಕಟ್ಟುತ್ತಿದ್ದರು.

ಬಿ.ಎ. ಇಂಗ್ಲಿಷಿನಲ್ಲಿ ನಾನು ಫೇಲಾಗಿದ್ದೆ. ಇನ್ನೊಂದು ಸಲ ಫೇಲಾದರೆ ಮದುವೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಸಂಜೆ ಸಿಸ್ಟರ್ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಿದ್ದೆ. ಹೊರಟಾಗ ಒಂದು ಉಂಡೆ ಕೊಡುತ್ತಿದ್ದರು. ಉಪ್ಪುನೀರಿನಲ್ಲೇ ಮುಳುಗಿರಬೇಕು, ಚಾಕು ತಾಗಿಸದೆ ಕೈಯಲ್ಲೇ ಹರಿಯಬೇಕು. "ಇವತ್ತೇ ತಿನ್ನಿ. ನಾಳೆಗೆ ಇದಕ್ಕೆ ವಯಸ್ಸಾಗುತ್ತೆ," ಎನ್ನುತ್ತಿದ್ದರು. ನನಗೂ ಬಹುವಚನ. ಅವ್ವ ಮಾತ್ರ ಆ ನೀರು ಚೆಲ್ಲಿ, ಉಂಡೆ ತೊಳೆದು, ಗಿಣ್ಣಿನ ಹಾಗೆ ಬೆಲ್ಲ ಏಲಕ್ಕಿ ಹಾಕಿ ಬಡಿಸುತ್ತಿದ್ದಳು. ದೊಡ್ಡಪ್ಪ ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ಒಂದು ದಿನ ಹಾಲು ಕೊಡಲು ಹೋದ ದೊಡ್ಡಪ್ಪ, ಈ ಉಂಡೆಗೆ ಹೆಪ್ಪು ಏನು ಎಂದು ಕೇಳಿದರಂತೆ. ಸುಳ್ಳು ಬಾರದ ಸಿಸ್ಟರ್ ತಮ್ಮ ಊರಿಂದ ತರಿಸಿದ ಪುಟ್ಟ ಸೀಸೆ ತೋರಿಸಿ, ಕೊಯ್ದ ಕರುವಿನ ಹೊಟ್ಟೆಯಿಂದ ತೆಗೆದದ್ದು ಎಂದರಂತೆ. ಲಿಂಗಪೂಜೆಯಾಗದೆ ನೀರೂ ಮುಟ್ಟದ ಮನುಷ್ಯ. ಬಂದವರೇ ತಲೆಗೆ ತಣ್ಣೀರು ಸುರಿದುಕೊಂಡು ಮೂಲೆಯಲ್ಲಿ ಕೂತುಬಿಟ್ಟರು. ಕಾನ್ವೆಂಟಿಗೆ ಹಾಲು ನಿಂತಿತು. ಪರೀಕ್ಷೆ ಹತ್ತಿರವಿರುವಾಗ ನನ್ನ ಪಾಠವೂ ನಿಂತಿತು.

ಆಮೇಲೊಂದು ಮಧ್ಯಾಹ್ನ ಸಿಸ್ಟರ್ ನಡೆದೇ ಬಂದರು, ಕೈಯಲ್ಲಿ ಒದ್ದೆಬಟ್ಟೆ ಮುಚ್ಚಿದ ಬಟ್ಟಲು. ದೊಡ್ಡಪ್ಪ ಬಾಗಿಲಿಗೆ ಅಡ್ಡ ನಿಂತರು. ಸಿಸ್ಟರ್ ಬಿಸಿಲಲ್ಲೇ ನಿಂತು ಹೇಳಿದರು: "ಇದಕ್ಕೆ ನಿಂಬೆಹುಳಿ ಮಾತ್ರ ಹಾಕಿದ್ದೀನಿ. ಆ ಸೀಸೆ ಇನ್ನು ನನ್ನ ಅಡುಗೆಮನೇಲಿ ಇರೋಲ್ಲ. ನೀವು ತಿನ್ನೋದು ಬೇಡ ಯಜಮಾನ್ರೇ, ಹುಡುಗೀನ ಕಳಿಸಿ."

ಅವ್ವ ದೊಡ್ಡಪ್ಪನ ಪಕ್ಕದಿಂದ ನುಸುಳಿ ಹೋಗಿ, ಬಟ್ಟಲು ಇಸಕೊಂಡು, ಎಲ್ಲರೆದುರೇ ಒಂದು ತುತ್ತು ಬಾಯಿಗೆ ಹಾಕಿಕೊಂಡಳು. "ಸಂಜೆ ಬರ್ತಾಳೆ ಸಿಸ್ಟರ್," ಎಂದಳು.

ನಿಂಬೆಹುಳಿಗೆ ಒಡೆದದ್ದು ಎಳೆದರೆ ಹರಿದುಹೋಗುತ್ತದೆ; ಉಂಡೆಯ ಚೀಸನ್ನು ಸಿಸ್ಟರ್ ಮತ್ತೆ ಮಾಡಲಿಲ್ಲ. ತಾಯಿಯಿಂದ ಕಲಿತ ಅಡುಗೆಯಲ್ಲಿ ಅವರಿಗೆ ಇಲ್ಲಿ ಮಾಡಲು ಸಾಧ್ಯವಾಗಿದ್ದು ಅದೊಂದೇ ಎಂದು ಇನ್ನೊಬ್ಬ ಸಿಸ್ಟರ್ ನನಗೆ ಹೇಳಿದ್ದು, ಅವರನ್ನು ಮಣ್ಣು ಮಾಡಿ ಬಂದ ದಿನ. ನನ್ನ ರಿಸಲ್ಟು ಬರುವ ಮೊದಲೇ ಜ್ವರದಲ್ಲಿ ಹೋಗಿಬಿಟ್ಟರು.

ನಮ್ಮ ವಂಶದ ಮೊದಲ ಡಿಗ್ರಿ ಸರ್ಟಿಫಿಕೇಟನ್ನು ದೊಡ್ಡಪ್ಪನ ಕೈಗೇ ಕೊಟ್ಟೆ. ಹಾಲು ಕರೆಯುತ್ತಿದ್ದವರು ಎದ್ದು, ಕೈಯನ್ನು ಪಂಚೆಗೆ ಒರೆಸಿಕೊಂಡು ತೆಗೆದುಕೊಂಡರು.

"ಅವತ್ತು ಆಯಮ್ಮನ್ನ ಒಳಕ್ಕೆ ಕರೀಲಿಲ್ಲ ಕಣವ್ವ ನಾನು," ಎಂದರು.